ನಿಧಾನವಾಗಿ ಹೇಳಿ

ಹೊಲಿಗೆ ಅಂಗಡಿಯ ಆ ಹುಡುಗಿ ನಿನ್ನೆ ಮಧ್ಯಾಹ್ನವೆಲ್ಲ ಸಾಕ್ಷಿ ಕಟಕಟೆಯಲ್ಲಿ ನಿಂತು ಮಾತಾಡಿದರೂ ‘ಬ’ದಿಂದ ಶುರುವಾಗುವ ಒಂದೇ ಒಂದು ಮಾತನ್ನೂ ಪೂರ್ತಿ ಆಡಲಿಲ್ಲ ಎಂಬುದು ವಕೀಲನಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿಯ ಮುಂದೆ ಹಾಗೇ ನಿಂತುಬಿಟ್ಟ. ಬೆಂಕಿ ಅನ್ನುವ ಕಡೆ ಉರಿ ಅಂದಿದ್ದಳು. ಬಾಗಿಲು ಅನ್ನುವ ಕಡೆ ಶಟರು. ಹೊರಗೆ ಬಂದರು ಅನ್ನಬೇಕಾದಲ್ಲಿ ಆಚೆ ಕಾಣಿಸಿದರು. ಯಾವ ವಾರ ಎಂದು ಸರ್ಕಾರಿ ವಕೀಲ ಕೇಳಿದ್ದಕ್ಕೆ ಮಂಗಳವಾರದ ಮಾರನೇ ದಿನ ಎಂದಳು; ಕೋರ್ಟಿಗೆ ಕೋರ್ಟೇ ನಕ್ಕಿತು, ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರ ಜೊತೆ ಅವನೂ ನಕ್ಕಿದ್ದ. ಯಾಕೆ ನಗುತ್ತಿದ್ದೇನೆಂದು ಆಗ ತಿಳಿದಿರಲಿಲ್ಲ. ಇಷ್ಟು ಚೆನ್ನಾಗಿ ಮಾತನ್ನು ಅದಲುಬದಲು ಮಾಡುವವರನ್ನು ಜೀವಮಾನದಲ್ಲಿ ಅವನು ಇನ್ನೊಬ್ಬರನ್ನು ಮಾತ್ರ ಬಲ್ಲ, ಆ ಇನ್ನೊಬ್ಬರು ಈಗ ಕನ್ನಡಿಯಲ್ಲಿ ನೊರೆ ಬಾಯಿ ಬಿಟ್ಟುಕೊಂಡು ನಿಂತಿದ್ದರು. “ಏನ್ರೀ, ನೀರು ಸುಮ್ಮನೆ ಹರೀತಾ ಇದೆ,” ಎಂದು ಹೆಂಡತಿ ಹೊರಗಿನಿಂದ ಕೂಗಿದಳು. ನಲ್ಲಿ ನಿಲ್ಲಿಸಿದ.

ಇಡೀ ಮೊಕದ್ದಮೆ ನಿಂತಿದ್ದು ಒಂದು ಬೀಗದ ಮೇಲೆ. ಕುರ್ಚಿ, ಮಂಚ, ಕಪಾಟು ಮಾಡುವ ಶೆಡ್ಡಿಗೆ ಸಂಜೆ ಬೆಂಕಿ ಬಿದ್ದಿತ್ತು. ಒಳಗೆ ಪಾಲಿಶ್ ಕೆಲಸದವನೊಬ್ಬ ಜ್ವರ ಬಂದು ಮಲಗಿದ್ದ. ವಾರ್ನಿಶ್ ಡಬ್ಬಗಳು ಒಂದಾದ ಮೇಲೊಂದು ಸಿಡಿದವು, ಬೀದಿಯವರು ಹಾರೆ ತಂದು ಶಟರು ಮೀಟಿ ಎತ್ತುವಷ್ಟರಲ್ಲಿ ಆ ಮನುಷ್ಯ ಶಟರಿನ ಬುಡದಲ್ಲೇ ಸುಟ್ಟು ಬಿದ್ದಿದ್ದ. ಆ ಗಲಾಟೆಯಲ್ಲಿ ಬೀಗ ಇತ್ತೋ ಇಲ್ಲವೋ ನೋಡಿದವರಿಲ್ಲ, ಆಮೇಲೆ ಹುಡುಕಿದರೆ ಸಿಗಲೂ ಇಲ್ಲ. ಬೆಂಕಿ ಬೀಳುವ ಸ್ವಲ್ಪ ಮೊದಲು ಶೆಡ್ಡಿನ ಯಜಮಾನ ಹೊರಗೆ ಬಂದು ಮನೆಗೆ ಹೋಗಿದ್ದ. ಹೋಗುವಾಗ ಹೊರಗಿನಿಂದ ಬೀಗ ಹಾಕಿದ್ದನೆ? ಹಾಕಿದ್ದರೆ, ಒಳಗೆ ಆಳು ಮಲಗಿದ್ದಾನೆಂದು ಗೊತ್ತಿದ್ದೇ ಹಾಕಿದ್ದು, ವರ್ಷಗಟ್ಟಲೆ ಜೈಲು. ಸುಮ್ಮನೆ ಶಟರು ಎಳೆದುಕೊಂಡು ಹೋಗಿದ್ದರೆ ಅದು ಯಾರ ಕೈಯಲ್ಲೂ ಇಲ್ಲದ ಅನಾಹುತ. ಎದುರಿನ ಹೊಲಿಗೆ ಅಂಗಡಿಯಲ್ಲಿ ಮಷೀನಿನ ಮುಂದೆ ಕೂತಿದ್ದ ಆ ಹುಡುಗಿಯೊಬ್ಬಳೇ ಕಣ್ಣಾರೆ ಕಂಡವಳು. ಯಜಮಾನ ಇವನ ಕಕ್ಷಿದಾರ.

ಕಕ್ಷಿದಾರರಿಗೆ ಅವನು ಮೊದಲ ದಿನವೇ ಹೇಳಿಬಿಡುತ್ತಿದ್ದ: ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಕೇಳದೆ ಇದ್ದದ್ದನ್ನು ಹೇಳಬೇಡಿ. ಹೆಚ್ಚಿನವರಿಗೆ ಅರ್ಥವಾಗುತ್ತಿತ್ತು. ಈ ಯಜಮಾನನಿಗೆ ಆಗಲಿಲ್ಲ. ಊದಿದ ಕಾಲನ್ನು ಕುರ್ಚಿಯ ಕೆಳಗೆ ಮಡಚಿಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, “ದಿನಾ ಹಾಕೋದೇ ಸಾರ್. ಆಳುಗಳು ಮರ ಕದ್ದು ಮಾರ್ಕೊಳ್ತಾರೆ ಅಂತ ದಿನಾ ಹಾಕಿ ಹೋಗ್ತೀನಿ, ಬೆಳಿಗ್ಗೆ ಬಂದು ತೆಗೀತೀನಿ. ಅವತ್ತೂ ಹಾಕ್ದೆ. ಅದರಲ್ಲೇನು ವಿಶೇಷ ಹೇಳಿ,” ಅಂದುಬಿಟ್ಟ. ವಕೀಲ ತಕ್ಷಣ ಎದ್ದು ಕಿಟಕಿ ತೆಗೆದ, ನೀರು ಕುಡಿದ, ಬೇರೆ ಏನೋ ಕೇಳಿದ. ಆದರೆ ಕೇಳಿಸಿದ್ದು ಕೇಳಿಸಿಯಾಗಿತ್ತು. ದಿನಾ ಹಾಕೋದೇ ಅನ್ನುವ ಆ ಮಾತಿನಲ್ಲಿ ಕೊಲೆಗಾರನ ಸೊಲ್ಲೇ ಇರಲಿಲ್ಲ. ಹಾಲು ಕಾಯಿಸಿಟ್ಟೆ ಅನ್ನುವಷ್ಟು ಸಹಜವಾಗಿ ಅಂದಿದ್ದ. ಅವನ ಮೇಲೆ ಸಿಟ್ಟು ಬರಲಿ ಎಂದು ವಕೀಲ ಎಷ್ಟೋ ದಿನ ಕಾದ. ಬರಲಿಲ್ಲ.

ತಿಂಡಿಗೆ ಕೂತಾಗ ಹೆಂಡತಿ, “ಇವತ್ತು ದೊಡ್ಡದಿದೆಯಾ?” ಎಂದಳು. ಇದೆ ಎಂದ. “ಹಾಗಾದ್ರೆ ಸಂಜೆ ನನ್ನನ್ನ ವಿಚಾರಣೆ ಮಾಡ್ಬೇಡಿ. ಆ ದಿನ ಉಪ್ಪು ಜಾಸ್ತಿ ಆಗಿದ್ದಕ್ಕೆ, ಉಪ್ಪಿನ ಡಬ್ಬ ನಿನ್ನ ಎಡಗಡೆ ಇತ್ತೋ ಬಲಗಡೆ ಇತ್ತೋ ಅಂತ ಕೇಳಿದೋರು ನೀವು,” ಎಂದು ನಕ್ಕಳು. ಅವನೂ ನಕ್ಕ. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ. ಕೇಳಿದೆಯಾ, ಇಲ್ನೋಡು, ಅನ್ನುತ್ತಾನೆ. ಹಳೇ ಕಾಲದ ಮನುಷ್ಯ ಎಂದು ಅವಳ ಗೆಳತಿಯರಿಗೆಲ್ಲ ಮೆಚ್ಚುಗೆ. ಅವಳ ಹೆಸರು ‘ಮ’ದಿಂದ ಶುರುವಾಗುತ್ತದೆ, ಇರುವ ಸಂಗತಿ ಅಷ್ಟೆ. ಕೋರ್ಟಿನಲ್ಲಿ ಎಲ್ಲರೂ ಮಹಾಸ್ವಾಮಿ ಎಂದರೆ ಇವನೊಬ್ಬ ಬರೀ ಸ್ವಾಮಿ ಅನ್ನುತ್ತಾನೆ. ಹಿಂದಿನ ನ್ಯಾಯಾಧೀಶರೊಬ್ಬರು ಇದನ್ನು ಜಂಭ ಎಂದುಕೊಂಡು ಒಂದಿಡೀ ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಅವನ ತೂಕದ ಮಾತಿಗೆ, ಒಂದೊಂದು ವಾಕ್ಯಕ್ಕೂ ಮೊದಲು ಅವನು ತೆಗೆದುಕೊಳ್ಳುವ ಆ ಉಸಿರಿಗೆ, ಆ ನಿಧಾನಕ್ಕೆ ಊರೆಲ್ಲ ಹೆಸರು. ಕಿರಿಯ ವಕೀಲರು ಅದನ್ನು ಅಣಕಿಸಿ ಅಭ್ಯಾಸ ಮಾಡುತ್ತಾರಂತೆ. ಗುಟ್ಟು ಬಲ್ಲವಳು ಅಕ್ಕ ಒಬ್ಬಳೇ. ಅವಳೋ ಅವನ ಮದುವೆಯ ಊಟದ ಪಂಕ್ತಿಯಲ್ಲಿ ಬೀಗರ ಮುಂದೆಯೇ, ‘ನಮ್ಮೋನು ಈಗ ಲಾಯರು, ಚಿಕ್ಕೋನಿದ್ದಾಗ ನೀರು ಬೇಕು ಅನ್ನೋಕೂ ನಾನೇ ಬೇಕಿತ್ತು, ಅಷ್ಟು ತೊದಲೋನು’ ಎಂದು ಪ್ರೀತಿಯಿಂದ ಹೇಳಿ ಅವನ ತಲೆ ಸವರಿದ್ದಳು. ಬೀಗರು ನಕ್ಕರು. ಒಂದು ವರ್ಷ ಅವನು ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಹೆಂಡತಿ ಆ ಮಾತನ್ನು ಮರೆತಿದ್ದಾಳೋ, ಮರೆತ ಹಾಗೆ ಇದ್ದಾಳೋ ಅವನಿಗೆ ಇವತ್ತಿಗೂ ತಿಳಿಯದು, ಕೇಳುವ ಧೈರ್ಯವೂ ಇಲ್ಲ.

ಕೋರ್ಟಿನ ಮೊಗಸಾಲೆಯಲ್ಲಿ ಆ ಹುಡುಗಿ ತಂಗಿಯ ಜೊತೆ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದ ಬೆಂಚಿನ ಮೇಲೆ ಪಾಲಿಶ್‌ನವನ ಹೆಂಡತಿ. ಆಕೆ ಪ್ರತಿ ವಾಯಿದೆಗೂ ಬಂದು ಕೂರುತ್ತಾಳೆ, ಯಾರನ್ನೂ ಏನೂ ಕೇಳುವುದಿಲ್ಲ, ವಕೀಲ ಹಾದುಹೋಗುವಾಗ ಕಾಲು ಒಳಗೆಳೆದುಕೊಂಡು ದಾರಿ ಬಿಡುತ್ತಾಳೆ. ಪೇದೆ ಬಂದು ಹುಡುಗಿಯನ್ನು ಏನೋ ವಿಚಾರಿಸಿದ. ಅವಳು ಬಾಯಿ ತೆರೆದಳು, ಗಲ್ಲ ಸ್ವಲ್ಪ ಮೇಲೆದ್ದಿತು, ಕಣ್ಣು ಒಂದು ಪಕ್ಕಕ್ಕೆ ಸರಿಯಿತು. ಅಷ್ಟರಲ್ಲಿ ತಂಗಿ ಪಟಕ್ಕನೆ, “ಬೆಳಿಗ್ಗೇನೇ ಬಂದ್ವಿ ಸಾರ್, ಸಹಿ ಹಾಕಿದ್ದಾರೆ,” ಎಂದಳು. ಪೇದೆ ಹೋದ. ಹುಡುಗಿ ಬಾಯಿ ಮುಚ್ಚಿಕೊಂಡಳು. ಆ ಕಣ್ಣು ಪಕ್ಕಕ್ಕೆ ಸರಿಯುವುದಿದೆಯಲ್ಲ, ಅದನ್ನು ನೋಡಿ ವಕೀಲನಿಗೆ ತನ್ನ ಚಿಕ್ಕಂದಿನ ಬಸ್ಸು ನೆನಪಾಯಿತು. ಬಸ್ಸಿನಲ್ಲಿ ಕಂಡಕ್ಟರು ಮೇಲೆ ನಿಂತಿದ್ದಾನೆ, ಹಿಂದೆ ಜನ ಒತ್ತುತ್ತಿದ್ದಾರೆ, ಇಳಿಯಬೇಕಾದ್ದು ಮಾರ್ಕೆಟ್ಟಿನಲ್ಲಿ. ಆ ‘ಮ’ ತುಟಿಗೆ ಅಂಟಿಕೊಂಡು ಕೂತಿದೆ. ಎಲ್ಲಿಗೋ, ಬಾಯಲ್ಲೇನು ಅವರೆಕಾಳಿದೆಯೋ, ಅನ್ನುತ್ತಾನೆ ಕಂಡಕ್ಟರು. ಆಸ್ಪತ್ರೆ, ಎಂದುಬಿಡುತ್ತಾನೆ ಹುಡುಗ. ಆಸ್ಪತ್ರೆ ಮಾರ್ಕೆಟ್ಟು ದಾಟಿ ಎಷ್ಟೋ ದೂರ. ಅಲ್ಲಿ ಇಳಿದು ಬಿಸಿಲಲ್ಲಿ ವಾಪಸು ನಡೆಯುತ್ತಾನೆ, ಸುಳ್ಳು ಹೇಳಿದೆನೆಂಬ ನಾಚಿಕೆಗಿಂತ ಮಾತು ಆಚೆಗೆ ಬಂತಲ್ಲ ಅನ್ನುವ ಸಮಾಧಾನವೇ ದೊಡ್ಡದಾಗಿ.

ಪಾಟೀಸವಾಲು ಶುರುವಾಯಿತು. ಈ ಕಸುಬಿನಲ್ಲಿ ಮೊದಲು ಕಲಿಸುವ ಪಾಠ ಒಂದೇ: ಎದುರು ಕಡೆಯ ಸಾಕ್ಷಿಗೆ ಹೌದು, ಅಲ್ಲ ಎಂಬ ಎರಡು ದಾರಿ ಬಿಟ್ಟು ಮೂರನೆಯದನ್ನು ಕೊಡಬಾರದು. ಏನಾಯಿತು ಹೇಳಿ, ಎಂದು ಕೇಳುವವನು ಕರೀ ಕೋಟಿನ ಮಡಿಕೆ ಇನ್ನೂ ಬಿಚ್ಚದವನು. ಅವನೇ ಇದನ್ನು ಎಷ್ಟು ಜನ ಕಿರಿಯರಿಗೆ ಬೈದು ಹೇಳಿಕೊಟ್ಟಿದ್ದಾನೋ. ಆದರೆ ಈ ಸಾಕ್ಷಿಯ ಮಟ್ಟಿಗೆ ಆ ಪಾಠ ತಲೆಕೆಳಗು ಎಂದು ಹಲ್ಲುಜ್ಜುವಾಗಲೇ ತಿಳಿದಿತ್ತು. ಬೀಗ ಹಾಕಿದರಾ ಎಂದು ಕೇಳಿದರೆ ಹೌದು ಅನ್ನುತ್ತಾಳೆ. ಹೌದು ಅವಳಿಗೆ ಸಲೀಸು. ನಿನ್ನೆ ಆದದ್ದೂ ಅದೇ. ಅವಳು ತುಟಿ ಕೂಡಿಸಿಕೊಂಡು ಒದ್ದಾಡುತ್ತಿದ್ದಾಗ ಸರ್ಕಾರಿ ವಕೀಲ ಬೇಸತ್ತು, ‘ಬೀಗ ಹಾಕಿದರು, ಅಲ್ವೇನಮ್ಮ’ ಎಂದು ತಾನೇ ಮಾತು ಮುಗಿಸಿದ್ದ. ಹೌದು ಸಾರ್. ಆಕ್ಷೇಪಣೆ ಎತ್ತಬಹುದಿತ್ತು, ಇವನು ಎತ್ತಲಿಲ್ಲ, ಯಾಕೆಂದು ಅವನಿಗೇ ತಿಳಿದಿರಲಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿ ಬೀಗ ಎಂಬ ಮಾತು ನಾಲ್ಕಾರು ಕಡೆ ಇತ್ತು, ಅದೂ ಅವಳ ತಂಗಿ ಹೇಳಿ ಪೊಲೀಸರು ಬರೆದದ್ದು. ಹುಟ್ಟಿದಾಗಿನಿಂದ ಎಲ್ಲರೂ ಅವಳ ಮಾತನ್ನು ಅವಸರಕ್ಕೆ ತಾವೇ ಮುಗಿಸಿಕೊಟ್ಟು ಅವಳನ್ನು ಉಳಿಸಿದ್ದರು. ಅವಳ ಎದುರು ನಿಂತು ಸುಮ್ಮನೆ ಕಾಯುವವನೊಬ್ಬ ಬಂದರೆ ಅವಳು ಮುಗಿದಳು.

ಬೆಳಗಿನ ಹೊತ್ತನ್ನು ಅವನು ಬೇರೆಯದಕ್ಕೆ ಖರ್ಚು ಮಾಡಿದ. ಹೊಲಿಗೆ ಯಾವಾಗ ಕಲಿತಿರಿ, ನೀವು ಕೂರುವ ಕಡೆಗೆ ಕಿಟಕಿ ಎಷ್ಟು ಹತ್ತಿರ, ಸಂಜೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ. ಅವಳು ತಡವರಿಸಿದಾಗಲೆಲ್ಲ ಅವನು ಕಣ್ಣು ತಪ್ಪಿಸಲಿಲ್ಲ, ಗಡಿಯಾರ ನೋಡಲಿಲ್ಲ, ಮಾತು ಮುಗಿಸಿಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದಾಗ ತಿರುಗಿ ದುರುಗುಟ್ಟಿ ನೋಡಿದ, ಕೋರ್ಟು ಗಪ್ಪಾಯಿತು. “ಆತುರ ಇಲ್ಲಮ್ಮ. ನಿಧಾನವಾಗಿ ಹೇಳಿ,” ಎಂದ. ಹುಡುಗಿಯ ಭುಜ ಇಳಿಯಿತು. ಅವಳು ಸರ್ಕಾರಿ ವಕೀಲನ ಕಡೆ ನೋಡುವುದು ಬಿಟ್ಟು ಇವನ ಕಡೆಗೇ ತಿರುಗಿ ಮಾತಾಡತೊಡಗಿದಳು. ಉರಿ ಮೊದಲು ಹಿಂದುಗಡೆ ಕಾಣ್ತು ಸಾರ್. ಒಳಗಿಂದ ತಟ್ಟೋ ಸದ್ದು ಕೇಳ್ತು. ನಾನು ಓಡ್ದೆ. ಕೂಗೋಣ ಅಂದ್ರೆ ನನಗೆ ಕೂಗೋಕಾಗ್ಲಿಲ್ಲ. ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ, ಅವಳೇ ಹೇಳಿದ್ದು, ಅವನಿಗೆಂದೇ ಹೇಳಿದ್ದು. ಬೆರಳಚ್ಚಿನವನು ಅದನ್ನು ಹೊಡೆಯಲೂ ಇಲ್ಲ. ಊಟದ ಬಿಡುವಾಯಿತು.

ವಕೀಲರ ಕೋಣೆಯಲ್ಲಿ ಸರ್ಕಾರಿ ವಕೀಲ ಎದುರಿಗೇ ಕೂತು ಡಬ್ಬಿ ಬಿಚ್ಚಿದ. ಒಳ್ಳೆಯ ಮನುಷ್ಯ, ಸುಸ್ತಾದವನು, ಒಂದು ಮೊಕದ್ದಮೆಯ ಹೆಸರನ್ನು ಇನ್ನೊಂದರಲ್ಲಿ ಹೇಳುವವನು. “ಏನ್ರೀ ನಿಮ್ಮ ತಾಳ್ಮೆ! ನನಗಂತೂ ಆ ಹುಡುಗಿ ಬಾಯಿ ತೆಗೆದ್ರೆ ಎದ್ದು ಹೋಗ್ಬಿಡೋಣ ಅನ್ಸುತ್ತೆ,” ಎಂದ. ಒಂದೇ ಒಂದು ಮಾತು ಸಾಕಿತ್ತು. ಅವಳ ಕೈಲಿ ತೋರಿಸಿ ಅಂತ ಕೇಳ್ರೀ, ಎಂದಿದ್ದರೆ ಸಾಕಿತ್ತು. ಡಬ್ಬಿಯ ಮುಚ್ಚಳ ತಿರುವುತ್ತಾ ಅವನು ಆ ಮಾತನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದ. ಅದರಲ್ಲಿ ಕಷ್ಟದ ಅಕ್ಷರ ಒಂದೂ ಇರಲಿಲ್ಲ. ಆದರೆ ನಂಬಿ ಬಂದ ಕಕ್ಷಿದಾರನ ಕುತ್ತಿಗೆ ಕೊಯ್ಯುವುದೂ ಅಷ್ಟೇ ಸುಲಭದ ಮಾತಾಗಿತ್ತು. ಕೊಲೆ ಮಾಡಿದವನಿಗೂ ಒಬ್ಬ ವಕೀಲ ಬೇಕು, ಅವನ ಪರ ಅರ್ಧ ನಿಲ್ಲುವುದೆಂದರೆ ನಿಲ್ಲದೇ ಇದ್ದ ಹಾಗೆ ಎಂದು ಸಭೆಗಳಲ್ಲಿ ಭಾಷಣ ಮಾಡಿದವನು ಅವನು, ಅದನ್ನು ಮನಸಾರೆ ನಂಬಿದವನು ಕೂಡ. ಹಸಿವಿಲ್ಲ ಎಂದು ಹೇಳಿ ಎದ್ದು ಹೊರಗೆ ಬಂದ. ಮೆಟ್ಟಿಲ ಮೂಲೆಯಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದ.

ಅಕ್ಕ ಮೊದಲು ಮಂಡಿನೋವಿನ ವಿಷಯ ಹೇಳಿದಳು, ಆಮೇಲೆ ಭಾವನ ಕಿವಿಯ ವಿಷಯ. “ಅಕ್ಕಾ, ಇಲ್ಲೊಬ್ಬಳು ಸಾಕ್ಷಿ,” ಎಂದ. “ಚಿಕ್ಕವಯಸ್ಸು. ಅವಳಿಗೆ... ನನಗೆ ಇತ್ತಲ್ಲ, ಆ ಥರ.”

ಅವನಾಗಿ ಆ ಮಾತೆತ್ತಿದ್ದು ಬದುಕಿನಲ್ಲಿ ಇದೇ ಮೊದಲು. “ಅಯ್ಯೋ ಪಾಪ,” ಎಂದಳು ಅಕ್ಕ. “ಕೋರ್ಟಲ್ಲಿ ನಿಲ್ಲಿಸಿ ಕೇಳ್ತಾರಾ ಅವಳನ್ನ? ಅಷ್ಟು ಜನರ ಮುಂದೆ?”

“ಹೂಂ. ಒಂದು ಹೇಳೋಕಾಗದೆ ಇನ್ನೊಂದು ಹೇಳ್ಬಿಡ್ತಾಳೆ.”

“ನೀನು ಬಸ್ಸಲ್ಲಿ ಆಸ್ಪತ್ರೆ ಅಂತಿದ್ದೆಯಲ್ಲ, ಹಾಗೆ. ನಾನು ಸ್ಟಾಪಲ್ಲಿ ಕಾದು ಕಾದು ಸಾಕಾಗಿ... ಅಲ್ವೋ, ಇದು ಜಡ್ಜಿಗೆಲ್ಲಿ ತಿಳಿಯುತ್ತೆ? ಸುಳ್ಳು ಹೇಳ್ತಾಳೆ ಅಂದ್ಕೋತಾರೆ.” ಅಕ್ಕನ ದನಿ ಮೆತ್ತಗಾಯಿತು. “ಹೋಗ್ಲಿ ಬಿಡು, ನೀನು ಅಲ್ಲಿದ್ದೀಯಲ್ಲ. ನಿನಗೆ ಗೊತ್ತಾಗುತ್ತೆ. ಅವಳು ಪುಣ್ಯ ಮಾಡಿದ್ಲು.”

ಅವನು ಯಾರ ಪರ ಎಂದು ಅಕ್ಕ ಕೇಳಲೇ ಇಲ್ಲ. ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. “ಹೂಂ ಅಕ್ಕ,” ಎಂದು ಫೋನು ಇಟ್ಟ. ನೀರು ಬೇಕು ಎಂದು ಅವನ ಪರವಾಗಿ ಕೇಳಿದ, ಮಾರ್ಕೆಟ್ಟಿಗೆ ಒಂದು ಟಿಕೆಟ್ ಕೊಡಿ ಎಂದು ಅವನ ಪರವಾಗಿ ಕೂಗಿದ, ಮೇಷ್ಟ್ರ ಹತ್ತಿರ ಹೋಗಿ ನಮ್ಮ ತಮ್ಮನಿಗೆ ಉತ್ತರ ಗೊತ್ತು ಸಾರ್, ಬರೆದು ತೋರಿಸ್ತಾನೆ ಎಂದು ಜಗಳವಾಡಿದ ಆ ದನಿಯನ್ನು ಅವನು ಇಷ್ಟು ವರ್ಷ ದ್ವೇಷಿಸಿದ್ದ. ಅವಳಿಲ್ಲದಿದ್ದರೆ ತಾನು ಬೇಗ ಸರಿಹೋಗುತ್ತಿದ್ದೆನೆಂದು ನಂಬಿಕೊಂಡಿದ್ದ. ಕೆಳಗೆ ಅಂಗಳದಲ್ಲಿ ಹುಡುಗಿ ತಂಗಿಯ ಜೊತೆ ಏನೋ ತಿನ್ನುತ್ತಿದ್ದಳು. ತಲೆಯೆತ್ತಿ ಇವನನ್ನು ಕಂಡು ಚೂರೇ ಚೂರು ನಕ್ಕಳು, ಪರಿಚಯದವರನ್ನು ಕಂಡು ನಗುವ ಹಾಗೆ. ಅವನು ಕೈಗಡಿಯಾರ ನೋಡಿಕೊಂಡ.

ಮಧ್ಯಾಹ್ನ ಕೋರ್ಟು ಕೂತಾಗ ಫ್ಯಾನು ತಿರುಗುತ್ತಿರಲಿಲ್ಲ. ನ್ಯಾಯಾಧೀಶರು ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ವಕೀಲ ಎದ್ದು ನಿಂತ, ಉಸಿರು ತೆಗೆದುಕೊಂಡ. ಆ ಪ್ರಶ್ನೆಯನ್ನು ಅವನು ದಾರಿಯುದ್ದಕ್ಕೂ ಕಟ್ಟಿ ಬಿಚ್ಚಿ ಕಟ್ಟಿದ್ದ. ನಿಜವಾದ ಉತ್ತರ ಕಷ್ಟದ ಅಕ್ಷರದ ಹಿಂದೆ ಇರಬೇಕು. ಸುಳ್ಳು ಉತ್ತರ ಕೈಗೆಟಕುವಲ್ಲಿ, ಅವಳಿಗೆ ಸುಲಭವಾದ ಮಾತಿನಲ್ಲಿ, ಪ್ರಶ್ನೆಯೊಳಗೇ ಇರಬೇಕು. “ಯಜಮಾನರು ಆಚೆ ಬಂದ ನಂತರ ಏನಾಯಿತು, ನೀವೇ ಹೇಳಿ ಅಮ್ಮ,” ಎಂದ. “ಶಟರು ಎಳೆದುಕೊಂಡು ಹೋದರಾ? ಅಥವಾ ಬೇರೆ ಏನಾದರೂ ಆಯಿತಾ? ಆಗಿದ್ದರೆ ಏನಾಯಿತು?” ಸರ್ಕಾರಿ ವಕೀಲ ಕಾಗದದಿಂದ ತಲೆಯೆತ್ತಿ ನೋಡಿದ. ಇಷ್ಟು ಹಳಬ ಇಂಥ ಎಳಸು ಪ್ರಶ್ನೆ ಕೇಳಿದನಲ್ಲ ಎಂದು ಅವನ ತುಟಿಯಂಚಿನಲ್ಲಿ ನಗು ಬಂತು. ಮತ್ತೆ ನಿಶ್ಚಿಂತೆಯಿಂದ ಹಾಳೆ ಮಗುಚಿದ. ಹುಡುಗಿ ತುಟಿ ಕೂಡಿಸಿದಳು. ಕೂಡಿಸಿದ ತುಟಿ ಬಿಡಲಿಲ್ಲ. ಗಲ್ಲ ಮೇಲೆದ್ದಿತು. ಅವಳು ಲಾಕ್ ಅನ್ನಬಹುದಿತ್ತು, ಕೀಲಿ ಅನ್ನಬಹುದಿತ್ತು. ಬುಧವಾರವನ್ನೇ ದಾಟಿದವಳಿಗೆ ಅದೇನು ಮಹಾ. ಆದರೆ ಹಾಗೆ ಬೇರೆ ಮಾತು ಹುಡುಕಲು ಪುರುಸೊತ್ತು ಬೇಕು, ಯಾರೂ ನೋಡುತ್ತಿರಬಾರದು. ಅವನು ನೋಡುತ್ತಿದ್ದ. ಕರುಣೆಯಿಂದ, ರೆಪ್ಪೆ ಬಡಿಯದೆ ನೋಡುತ್ತಿದ್ದ. ಹೀಗೆ ದಿಟ್ಟಿಸಿದರೆ ಒಳಗಿರುವ ಮಾತೆಲ್ಲ ಹೆದರಿ ಮೂಲೆ ಸೇರುತ್ತದೆ ಎಂಬುದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಆಗ ಅವಳ ಬಲಗೈ ಮೇಲೆದ್ದಿತು. ಕಟಕಟೆಯ ಮರದ ಪಟ್ಟಿಯಿಂದ ಮೆಲ್ಲಗೆ ಎದ್ದು, ಹೆಬ್ಬೆರಳೂ ತೋರುಬೆರಳೂ ಕೂಡಿ, ಗಾಳಿಯಲ್ಲಿ ಏನನ್ನೋ ಹಿಡಿದು ತಿರುವಿತು. ಇನ್ನೊಂದು ಸಲ ಹಾಗೆ ತಿರುವಿದ್ದರೆ ಕುರುಡನಿಗೂ ತಿಳಿಯುತ್ತಿತ್ತು. ನ್ಯಾಯಾಧೀಶರು ಫ್ಯಾನಿನ ಕಡೆ ನೋಡುತ್ತಿದ್ದರು, ಸರ್ಕಾರಿ ವಕೀಲ ಹಾಳೆಯ ಕಡೆ. “ಕೈ ಬೇಡಮ್ಮ,” ಎಂದ ವಕೀಲ, ಮಗುವಿಗೆ ಹೇಳುವಷ್ಟು ಮೃದುವಾಗಿ. “ಕೈಯನ್ನ ಬರೆದುಕೊಳ್ಳೋಕೆ ಬರಲ್ಲ. ಬಾಯಲ್ಲೇ ಹೇಳಿ. ಎಷ್ಟು ಹೊತ್ತಾದರೂ ಆಗಲಿ, ನಾನು ಕಾಯ್ತೀನಿ.” ನ್ಯಾಯಾಧೀಶರು, “ಹೌದಮ್ಮ, ಬಾಯಲ್ಲಿ ಹೇಳು, ಬೇಗ ಹೇಳು,” ಎಂದರು. ಕೈ ಇಳಿಯಿತು. ಅವಳ ಕುತ್ತಿಗೆಯ ನರ ಉಬ್ಬಿತು, ಮುಖಕ್ಕೆಲ್ಲ ನೆತ್ತರು ಏರಿತು. ಹಿಂದಿನ ಬೆಂಚಿನಿಂದ ತಂಗಿಯ ದನಿ, “ಅಕ್ಕ ಹೇಳೋದು ಏನಂದ್ರೆ...” ಎಂದದ್ದಕ್ಕೆ ಪೇದೆ ಶ್ ಎಂದು ಗದರಿದ. ಆ ಹೊತ್ತಿನಲ್ಲಿ ವಕೀಲನೊಳಗೆ ಎದ್ದದ್ದು ಕರುಣೆಯೂ ಅಲ್ಲ, ಕಕ್ಷಿದಾರನ ನೆನಪೂ ಅಲ್ಲ. ಅವನಿಗೆ ಸುಖವಾಯಿತು. ಇಷ್ಟೊಂದು ಜನರ ನಡುವೆ ಬಾಯಿ ಕಟ್ಟಿ ನಿಂತಿರುವುದು ತಾನಲ್ಲ, ಇನ್ನೊಬ್ಬರು, ಎಂಬ ಸುಖ. ಹುಟ್ಟಿದಾಗಿನಿಂದ ಯಾರಾದರೊಬ್ಬರು ತನ್ನ ಜಾಗಕ್ಕೆ ಬಂದು ನಿಲ್ಲಲಿ ಎಂದು ಕಾದಿದ್ದ ಹಾಗಿತ್ತು. “ಎ... ಎಳ್ಕೊಂಡು ಹೋದ್ರು ಸಾರ್,” ಎಂದಳು ಹುಡುಗಿ. ಮಾತು ಆಚೆ ಬಿತ್ತು, ಅವಳ ಮೈಯೆಲ್ಲ ಸಡಿಲವಾಯಿತು. ಬೆರಳಚ್ಚು ಯಂತ್ರ ಟಕಟಕ ಎಂದಿತು. ಅವನು ಬೇರೇನೂ ಕೇಳುವುದಿಲ್ಲ ಎಂದು ಹೇಳಿ ಕುಳಿತ.

ಸರ್ಕಾರಿ ವಕೀಲ ಈಗ ಗಾಬರಿಬಿದ್ದು ಎದ್ದ. “ನಿನ್ನೆ ಹೌದು ಅಂದ್ರಿ, ಇವತ್ತು ಹೀಗಂತೀರಿ! ಯಾವುದಮ್ಮ ನಿಜ? ಯಾರಾದರೂ ಹೇಳಿಕೊಟ್ಟರಾ?” ಎಂದು ತನ್ನ ಸಾಕ್ಷಿಯ ಮೇಲೆಯೇ ರೇಗಿದ. ರೇಗಿದ ಮೇಲೆ ಕೇಳಬೇಕೆ, ಅವಳ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಸಾಕ್ಷಿ ಉತ್ತರ ಕೊಡದೆ ನಿಂತಿದ್ದಾಳೆ ಎಂದು ನ್ಯಾಯಾಧೀಶರು ಬರೆಸಿದರು. ಅದೂ ಸತ್ಯವೇ ಆಗಿತ್ತು. ಹೊರಗೆ ಬಂದಾಗ ಯಜಮಾನ ಊದಿದ ಕಾಲೆಳೆದುಕೊಂಡು ಓಡಿಬಂದು ವಕೀಲನ ಎರಡೂ ಕೈ ಹಿಡಿದುಕೊಂಡ. “ಏನ್ ಸಾರ್ ನೀವು! ಅವಳು ನೋಡಿದ್ಲು ಸಾರ್, ನನಗೆ ಗೊತ್ತು, ನನ್ನನ್ನೇ ನೋಡ್ತಿದ್ಲು ಅವತ್ತು. ಅದು ಹೇಗೆ ಅವಳ ಬಾಯಿಂದಾನೇ...” ಎಂದು ಅಳುತ್ತಾ ನಗುತ್ತಾ ಹೇಳಿದ. ಅವನ ಅಂಗೈ ಬೆಚ್ಚಗಿತ್ತು, ಒದ್ದೆಯಾಗಿತ್ತು. ಅವನಿಗೂ ಮಕ್ಕಳಿದ್ದರು, ಅವರನ್ನು ಬಿಟ್ಟು ಜೈಲಿಗೆ ಹೋಗುವ ಹೆದರಿಕೆಯಲ್ಲಿ ತಿಂಗಳುಗಳಿಂದ ನಿದ್ದೆ ಮಾಡಿರಲಿಲ್ಲ. “ಮನೆಗೆ ಹೋಗಿ,” ಎಂದ ವಕೀಲ. ‘ಮ’ ಸಲೀಸಾಗಿ ಬಂತು.

ಕೋಟು ಕಳಚಿ ಕೈಮೇಲೆ ಹಾಕಿಕೊಂಡು ಮೊಗಸಾಲೆಯ ಕೊನೆಗೆ ಬಂದಾಗ ಹುಡುಗಿ ಅಡ್ಡ ನಿಂತಿದ್ದಳು. ಜೊತೆಗೆ ತಂಗಿ. “ಸಾರ್, ನಮ್ಮಕ್ಕಂಗೆ ಏನೋ ಹೇಳ್ಬೇಕಂತೆ. ಅದೇನಂದ್ರೆ ಸಾರ್, ಒಳಗೆ ಅವಳು...” ಎಂದು ತಂಗಿ ಶುರುಮಾಡಿದಳು. ಹುಡುಗಿ ತಂಗಿಯ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿದಳು. ತಾನೇ ಒಂದು ಹೆಜ್ಜೆ ಮುಂದೆ ಬಂದಳು. ಬೈಯುತ್ತಾಳೆ ಎಂದುಕೊಂಡ ವಕೀಲ. ಬೈಯಲಿ ಎಂದು ಆಸೆಪಟ್ಟ. ಅವಳು ತುಟಿ ಕೂಡಿಸಿದಳು, ಅದೇ ಗಲ್ಲ, ಅದೇ ಪಕ್ಕಕ್ಕೆ ಸರಿಯುವ ಕಣ್ಣು. ಜನ ಹಾದುಹೋಗುತ್ತಿದ್ದರು. ಯಾರೋ ಅವನಿಗೆ ನಮಸ್ಕಾರ ಎಂದರು. ಮಾತು ಏನೆಂದು ಅವನಿಗೆ ಗೊತ್ತಿತ್ತು, ಎರಡೇ ಅಕ್ಷರ, ಅವನು ಮುಗಿಸಿಕೊಟ್ಟಿದ್ದರೆ ಅವಳ ಒದ್ದಾಟ ಅಲ್ಲಿಗೆ ತೀರುತ್ತಿತ್ತು. ಮುಗಿಸಿದರೆ ತನಗೆ ಮೊದಲೇ ಗೊತ್ತಿತ್ತೆಂದು ಒಪ್ಪಿಕೊಂಡ ಹಾಗೆ. ಬಿಟ್ಟು ನಡೆದುಬಿಡಲು ಕಾಲೂ ಏಳಲಿಲ್ಲ. ಬೇರೆ ದಾರಿಯಿಲ್ಲದೆ ನಿಂತ, ಕೋಟು ಹಿಡಿದು, ನೆಲ ನೋಡುತ್ತಾ. ಈ ಸಲ ಅವಳನ್ನು ದಿಟ್ಟಿಸಲು ಅವನಿಂದ ಆಗಲಿಲ್ಲ. ಬಹುಶಃ ಅದಕ್ಕೇ ಇರಬೇಕು, ತುಟಿ ಬಿಟ್ಟಿತು.

“ಬ... ಬ... ಬೀಗ ಹಾಕಿದ್ರು ಸಾರ್.”

ತಂಗಿ ಬಾಯಿ ತೆರೆದು ಅಕ್ಕನನ್ನೇ ನೋಡಿದಳು. ಹುಡುಗಿಯ ಹಣೆಯ ತುಂಬ ಬೆವರಿತ್ತು, ಮುಖ ತುಂಬ ನಗುವಿತ್ತು, ದೊಡ್ಡ ಕಾಲುವೆ ಹಾರಿ ಈಚೆ ದಡಕ್ಕೆ ಬಿದ್ದವರ ನಗು. ಅದು ಎಂಥ ನಗು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಒಳಗೆ ಆಗ್ಲಿಲ್ಲ ಸಾರ್,” ಎಂದಳು. “ನೀವು ಕಾದ್ರಿ. ಯಾರೂ ಕಾಯಲ್ಲ ಸಾರ್ ನನಗೆ. ಆದ್ರೂ ಆಗ್ಲಿಲ್ಲ. ಈಗ ಹೇಳ್ದೆ ಅಲ್ವಾ? ಇದನ್ನ ಸೇರಿಸ್ಕೊಳ್ಳಿ ಸಾರ್.”

ಒಮ್ಮೆ ಒಳಗೆ ಆಡಿದ ಮಾತಷ್ಟೇ ಮಾತು, ಹೊರಗೆ ಆಡಿದ್ದನ್ನು ಯಾರೂ ಎಲ್ಲೂ ಸೇರಿಸುವುದಿಲ್ಲ, ನಾನು ಎದುರು ಕಡೆಯವನು ತಾಯೀ, ಎಂದು ಹೇಳಬೇಕಿತ್ತು. ಅಷ್ಟೂ ಮಾತು ಅವನ ಬಾಯಲ್ಲಿ ಸಾಲಾಗಿ ಬಂದು ನಿಂತಿತ್ತು, ಒಂದಕ್ಕೂ ತಡೆಯಿರಲಿಲ್ಲ. ಓಡಿಹೋಗಿ ಸರ್ಕಾರಿ ವಕೀಲನ ಕೋಟು ಹಿಡಿದೆಳೆದು, ಅವಳನ್ನು ಇನ್ನೊಮ್ಮೆ ಕರೆಸ್ರೀ, ಕೈಲಿ ತೋರಿಸೋಕೆ ಬಿಡ್ರೀ ಎಂದು ಹೇಳಲು ಈಗಲೂ ಹೊತ್ತು ಮೀರಿರಲಿಲ್ಲ. ಆತ ಇನ್ನೂ ಅಂಗಳದಲ್ಲೇ ನಿಂತು ಯಾರ ಜೊತೆಯೋ ಮಾತಾಡುತ್ತಿದ್ದ. ಹುಡುಗಿ ಇವನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು, ಆತುರವಿಲ್ಲದೆ.

“ಸೇರಿಸ್ಕೋತೀನಮ್ಮ,” ಎಂದ ವಕೀಲ. ಮಾತು ಎಲ್ಲೂ ತಡೆಯಲಿಲ್ಲ.

ಅವಳು ಕೈಮುಗಿದಳು. ತಂಗಿಯನ್ನು ಎಳೆದುಕೊಂಡು ಬೇಗಬೇಗ ಬೆಂಚಿನ ಕಡೆ ಹೋದಳು. ಪಾಲಿಶ್‌ನವನ ಹೆಂಡತಿ ಅಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಇನ್ನೂ ಕೂತೇ ಇದ್ದಳು. ಹುಡುಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಮೊಣಕಾಲ ಮೇಲೆ ಕೈಯಿಟ್ಟು, “ಹೇಳ್ದೆ ಅಕ್ಕ. ನಾನೇ ಹೇಳ್ದೆ. ಆ ಸಾರ್ ಸೇರಿಸ್ಕೋತಾರಂತೆ,” ಎನ್ನುವುದು ವಕೀಲನಿಗೆ ಮೆಟ್ಟಿಲ ತಿರುವಿನವರೆಗೂ ಸ್ಪಷ್ಟವಾಗಿ ಕೇಳಿಸಿತು.